ಬರ್ಂಟ್ ಫೋರ್ಕಿನ ಗೃಹಿಣಿ: ಒಂದು ಚಲನಚಿತ್ರದ ಹಿಂದಿನ ಇತಿಹಾಸ

ಅಮೆರಿಕದ ಪಶ್ಚಿಮ ಭಾಗವೆಂದೊಡನೆ ನಮ್ಮವರಲ್ಲಿ ಬಹುಮಂದಿಗೆ ನೆನಪಾಗುವುದು ಧೂಳೆಬ್ಬಿಸುತ್ತ ಕುದುರೆಯ ಮೇಲೆ ಬರುವ ನಾಯಕ, ಅವನ ಸೊಂಟದ ಪಿಸ್ತೂಲು, ಕೊನೆಯ ರೀಲಿನ ಗುಂಡಿನ ಕಾಳಗ. ಅಲ್ಲಿ ಅಡಿಗೆ ಮಾಡುತ್ತಿದ್ದವರು ಯಾರು, ಹಾಲು ಕರೆಯುತ್ತಿದ್ದವರು ಯಾರು, ಬಾಣಂತಿಗೆ ನೀರು ಕಾಯಿಸಿಕೊಡುತ್ತಿದ್ದವರು ಯಾರು ಎಂಬ ಪ್ರಶ್ನೆ ಆ ಚಿತ್ರಗಳಲ್ಲಿ ಏಳುವುದೇ ಇಲ್ಲ. ಈ ಪ್ರಶ್ನೆಗಳನ್ನೇ ವಸ್ತುವಾಗಿಸಿಕೊಂಡ ಒಂದು ಚಿತ್ರ 1979ರಲ್ಲಿ ತಯಾರಾಯಿತು. ಅದರ ಹೆಸರು ‘ಹಾರ್ಟ್‌ಲ್ಯಾಂಡ್’. ನಿರ್ದೇಶಕರು ರಿಚರ್ಡ್ ಪಿಯರ್ಸ್. ಹಾಲಿವುಡ್ಡಿನ ದೊಡ್ಡ ಸಂಸ್ಥೆಗಳ ಹಣ ಇದರ ಹಿಂದೆ ಇರಲಿಲ್ಲ; ಮಾನವಿಕ ವಿದ್ಯೆಗಳಿಗೆ ನೆರವು ನೀಡುವ ಕೇಂದ್ರ ಸರ್ಕಾರದ ನಿಧಿಯಿಂದ ಅನುದಾನ ದೊರೆತು, ಆನಿಕ್ ಸ್ಮಿತ್, ಬೆತ್ ಫೆರಿಸ್ ಮೊದಲಾದವರ ಪ್ರಯತ್ನದಿಂದ ಅದು ಸಿದ್ಧವಾಯಿತು. ಕಥೆ ನಡೆಯುವುದು ವಯೋಮಿಂಗ್ ರಾಜ್ಯದಲ್ಲಿ, ಚಿತ್ರೀಕರಣ ನಡೆದದ್ದು ಅದರ ಉತ್ತರದ ಮೊಂಟಾನಾದಲ್ಲಿ. 1980ರ ಬರ್ಲಿನ್ ಚಿತ್ರೋತ್ಸವದಲ್ಲಿ ಅದು ಇನ್ನೊಂದು ಚಿತ್ರದೊಡನೆ ಹಂಚಿಕೊಂಡು ಅತ್ಯುನ್ನತ ಪ್ರಶಸ್ತಿಯಾದ ‘ಚಿನ್ನದ ಕರಡಿ’ಯನ್ನು ಪಡೆಯಿತು. ಅಷ್ಟಾದರೂ ಇಂದು ಅದನ್ನು ನೋಡಿದವರು ವಿರಳ.

ನಾನು ಅದನ್ನು ನೋಡಿದ್ದು ಆಕಸ್ಮಿಕವಾಗಿ. 1995ರ ನವೆಂಬರಿನಲ್ಲಿ, ಮೈಸೂರಿನ ಮಹಾರಾಣಿ ಕಾಲೇಜಿನಲ್ಲಿ ಇತಿಹಾಸ ಓದಿ ಬಿ.ಎ. ಮುಗಿಸಿದ್ದ ನಾನು, ಮದುವೆಯಾಗಿ ಐದು ತಿಂಗಳಿಗೆ ವಯೋಮಿಂಗಿನ ಗ್ರೀನ್ ರಿವರ್ ಎಂಬ ಪಟ್ಟಣಕ್ಕೆ ಬಂದಿಳಿದೆ. ಅಲ್ಲಿ ನೆಲದಾಳದಿಂದ ಟ್ರೋನಾ ಎಂಬ ಖನಿಜವನ್ನು ಅಗೆದು, ಗಾಜಿನ ಕೈಗಾರಿಕೆಗೆ ಬೇಕಾದ ಸೋಡಾಬೂದಿಯನ್ನು ತಯಾರಿಸುತ್ತಾರೆ. ನಮ್ಮ ಯಜಮಾನರು ಅಂಥದೊಂದು ಕಾರ್ಖಾನೆಯಲ್ಲಿ ಇಂಜಿನಿಯರು. ನನಗೆ ಕೆಲಸ ಮಾಡುವ ಪರವಾನಗಿ ಇರಲಿಲ್ಲ, ಕಾರು ನಡೆಸಲು ಬರುತ್ತಿರಲಿಲ್ಲ, ಕನ್ನಡ ಮಾತಾಡುವ ಮತ್ತೊಂದು ಮನೆ ಇರಲಿಲ್ಲ. ನಡೆದು ಹೋಗಬಹುದಾದ ಸ್ಥಳವೆಂದರೆ ಗ್ರಂಥಾಲಯವೊಂದೇ. ಅಲ್ಲಿನ ಹಿರಿಯ ಮಹಿಳೆಯೊಬ್ಬರು ನನ್ನ ಮುಖ ನೋಡಿ ಏನನ್ನು ಊಹಿಸಿದರೋ, ಒಂದು ದಿನ ಒಂದು ವಿಡಿಯೊ ಕ್ಯಾಸೆಟ್ಟನ್ನು ಕೈಗಿತ್ತು, ‘ಇದು ನಮ್ಮ ಕಡೆಯವಳ ಕಥೆ, ನೋಡು’ ಎಂದರು.

ಚಿತ್ರದ ಕಾಲ 1910. ಡೆನ್ವರ್ ನಗರದಿಂದ ಎಲಿನೋರ್ ಎಂಬ ಹೆಂಗಸು ತನ್ನ ಪುಟ್ಟ ಮಗಳು ಜೆರಿನಳೊಡನೆ ರೈಲಿನಲ್ಲಿ ಬಂದಿಳಿಯುತ್ತಾಳೆ. ದನಗಾವಲಿನ ಯಜಮಾನ ಕ್ಲೈಡ್ ಸ್ಟುವರ್ಟನ ಮನೆಗೆಲಸಕ್ಕೆಂದು ಆಕೆ ಗೊತ್ತಾಗಿದ್ದಾಳೆ. ಆತ ಅತಿ ಮಿತಭಾಷಿ. ಮೊದಲ ಅರ್ಧ ಗಂಟೆಯಲ್ಲಿ ಮಾತಿಗಿಂತ ಗಾಳಿಯ ಸದ್ದೇ ಹೆಚ್ಚು ಕೇಳಿಸುತ್ತದೆ. ಗಾಳಿಯ ಆ ಸದ್ದು ಸಂಗೀತಗಾರರು ನುಡಿಸಿದ್ದಲ್ಲ, ವಯೋಮಿಂಗಿನದೇ ಎಂದು ಅಲ್ಲಿ ಒಂದು ಚಳಿಗಾಲ ಕಳೆದ ಯಾರಾದರೂ ಹೇಳಬಲ್ಲರು. ಚಿತ್ರ ತೆಗೆದದ್ದು ಮೊಂಟಾನಾದಲ್ಲಿ ಎಂದು ಮುಂದೆ ಓದಿದಾಗ ನನಗೆ ನಂಬಿಕೆಯೇ ಬರಲಿಲ್ಲ. ಎಲಿನೋರಳ ಪಾತ್ರ ವಹಿಸಿದವರು ಕೊಂಚಾಟಾ ಫೆರೆಲ್, ಕ್ಲೈಡನಾಗಿ ರಿಪ್ ಟಾರ್ನ್. ಫೆರೆಲ್ ಸ್ಥೂಲಕಾಯದ, ಸಾಧಾರಣ ರೂಪಿನ ನಟಿ. ಹಂದಿ ಕೊಯ್ಯುವ ದೃಶ್ಯದಲ್ಲಿ ಸಸ್ಯಾಹಾರಿಯಾದ ನಾನು ಮುಖ ತಿರುಗಿಸಿದೆನಾದರೂ, ಆ ನಟಿ ತೋಳೇರಿಸಿ ಕೆಲಸಕ್ಕೆ ನಿಲ್ಲುವ ಭಂಗಿಯಲ್ಲಿ ನಮ್ಮ ಅಜ್ಜಿಯನ್ನೇ ಕಂಡೆ. (ಇದೇ ಫೆರೆಲ್ ಮುಂದೆ ಹೆಸರಾದದ್ದು ಒಂದು ಹಾಸ್ಯ ಧಾರಾವಾಹಿಯ ಮನೆಗೆಲಸದ ಬರ್ಟಾ ಆಗಿ. ನಮ್ಮ ಮಕ್ಕಳಿಗೆ ಆಕೆ ಗೊತ್ತಿರುವುದು ಹಾಗೆಯೇ.)

ಎಲಿನೋರ್ ಕಾಲ್ಪನಿಕ ಪಾತ್ರವಲ್ಲ. ಎಲಿನೋರ್ ಪ್ರೂಯಿಟ್ 1876ರಲ್ಲಿ, ಇಂದು ಒಕ್ಲಹೋಮ ಎನಿಸಿಕೊಂಡಿರುವ ಅಂದಿನ ‘ಇಂಡಿಯನ್ ಪ್ರಾಂತ’ದಲ್ಲಿ ಜನಿಸಿದವಳು. ಎಳೆವಯಸ್ಸಿನಲ್ಲೇ ತಂದೆತಾಯಿಯರನ್ನು ಕಳೆದುಕೊಂಡು, ತಮ್ಮತಂಗಿಯರ ಭಾರ ಹೊತ್ತಳು. ಶಾಲೆಯ ಓದು ಇಲ್ಲವೆನ್ನುವಷ್ಟು ಕಡಿಮೆ. 1906ರಲ್ಲಿ ಮಗಳು ಹುಟ್ಟಿದಳು. ಡೆನ್ವರಿನಲ್ಲಿ ಬಟ್ಟೆ ಒಗೆದು, ಮನೆಗೆಲಸ ಮಾಡಿ ಜೀವಿಸುತ್ತಿದ್ದಾಗ ಜೂಲಿಯೆಟ್ ಕೋನಿ ಎಂಬ ನಿವೃತ್ತ ಶಿಕ್ಷಕಿ ಆಕೆಯ ಯಜಮಾನಿಯಾಗಿದ್ದರು. 1909ರ ವಸಂತದಲ್ಲಿ ವಯೋಮಿಂಗಿನ ಬರ್ಂಟ್ ಫೋರ್ಕಿಗೆ ಹೊರಟ ಎಲಿನೋರ್ ಆ ಶಿಕ್ಷಕಿಗೆ ಪತ್ರ ಬರೆಯತೊಡಗಿದಳು. ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿ, ಆಮೇಲೆ ಎರಡು ದಿನ ಕುದುರೆಗಾಡಿ. ಮನೆಗೂ ರೈಲುಹಳಿಗೂ ಅರವತ್ತು ಮೈಲಿ. ಆ ಪತ್ರಗಳು ಶಿಕ್ಷಕಿಯ ಮೂಲಕ ‘ಅಟ್ಲಾಂಟಿಕ್’ ಮಾಸಪತ್ರಿಕೆಯ ಕೈ ಸೇರಿ, 1914ರಲ್ಲಿ ಪುಸ್ತಕವಾಗಿ ಹೊರಬಂದವು.

ಆ ಪತ್ರಗಳನ್ನು ಓದುವುದು ಒಂದು ಸುಖ. ನಗು ಎಲ್ಲಿ ಉಕ್ಕೀತೆಂದು ಹೇಳಲಾಗದು. ಆಳು ಸಿಗದ ಒಂದು ಬೇಸಗೆಯಲ್ಲಿ ಆಕೆ ತಾನೇ ಹುಲ್ಲು ಕೊಯ್ಯುವ ಯಂತ್ರವನ್ನೇರಿ ಹೊಲಕ್ಕಿಳಿದುಬಿಟ್ಟಳು. ಹೆಂಗಸು ಯಂತ್ರ ಓಡಿಸುವುದನ್ನು ಯಜಮಾನ ಒಪ್ಪಲಾರನೆಂದು ಆ ವಿದ್ಯೆಯನ್ನು ಅಲ್ಲಿಯವರೆಗೆ ಬಚ್ಚಿಟ್ಟಿದ್ದಳಂತೆ. ದಿನಕ್ಕೆ ಏಳು ಹಸುಗಳ ಹಾಲು ಕರೆದು, ಹಗಲೆಲ್ಲ ಹುಲ್ಲು ಕೊಯ್ದು, ಅಡಿಗೆಯನ್ನು ರಾತ್ರಿಗೆ ಇಟ್ಟುಕೊಂಡು, ಅದರ ನಡುವೆ ಮೂವತ್ತು ಪೈಂಟ್ ಜೆಲ್ಲಿ, ಅಷ್ಟೇ ಜಾಮ್ ಕಾಯಿಸಿ ಡಬ್ಬಿಗೆ ತುಂಬಿದ ಲೆಕ್ಕವನ್ನು ಕೊಡುತ್ತಾಳೆ. ಸ್ಕಾಟ್ಲೆಂಡ್ ಮೂಲದ ಗಂಡ ಚಳಿಗಾಲವಿಡೀ ತನ್ನ ಚೀಲದ ವಾದ್ಯದಲ್ಲಿ ಒಂದೇ ಧಾಟಿಯನ್ನು ಊದುತ್ತ ಆಕೆಯ ತಾಳ್ಮೆಯನ್ನು ಪರೀಕ್ಷಿಸುತ್ತಾನೆ.

ಆದರೆ ಇತಿಹಾಸದ ವಿದ್ಯಾರ್ಥಿನಿಗೆ ಮುಖ್ಯವಾಗುವುದು ಆಕೆ ಬರೆಯದೆ ಬಿಟ್ಟದ್ದು. ಅದನ್ನು ತಿಳಿಯಲು ಜಮೀನಿನ ಕಾನೂನನ್ನು ಸ್ವಲ್ಪ ನೋಡಬೇಕು. 1862ರ ಹೋಮ್‌ಸ್ಟೆಡ್ ಕಾಯಿದೆಯಂತೆ 160 ಎಕರೆಯವರೆಗಿನ ಸರ್ಕಾರಿ ಭೂಮಿಗೆ ಯಾರಾದರೂ ಅರ್ಜಿ ಹಾಕಿ, ಅಲ್ಲಿ ಮನೆ ಕಟ್ಟಿ ಐದು ವರ್ಷ ವಾಸಮಾಡಿ, ಉಳುಮೆ ತೋರಿಸಿದರೆ ಅದು ಅವರದಾಗುತ್ತಿತ್ತು. ನಮ್ಮ ಕಡೆಯ ದರಖಾಸ್ತು ಜಮೀನನ್ನು ನೆನೆದರೆ ಬೇಗ ಅರ್ಥವಾದೀತು. ಆ ಭೂಮಿ ‘ಖಾಲಿ’ ಎನಿಸಿಕೊಂಡದ್ದು ಹೇಗೆಂಬುದು ಬೇರೆಯೇ ಕಥೆ: ಶೋಶೋನಿ ಜನ ತಿರುಗಾಡಿಕೊಂಡಿದ್ದ ಆ ಕಣಿವೆಗಳು 1868ರ ಫೋರ್ಟ್ ಬ್ರಿಜರ್ ಒಪ್ಪಂದದ ನಂತರ ಅವರ ಕೈಬಿಟ್ಟುಹೋದವು. ಪತ್ರಗಳಲ್ಲಾಗಲಿ ಚಿತ್ರದಲ್ಲಾಗಲಿ ಈ ಮಾತಿಗೆ ಎಡೆಯಿಲ್ಲ. ಅದೊಂದು ಕೊರತೆಯೆಂದೇ ನನ್ನ ಭಾವನೆ. ಈ ಕಾಯಿದೆಯ ವಿಶೇಷವೆಂದರೆ, ಅವಿವಾಹಿತೆಯೂ ವಿಧವೆಯೂ ಗಂಡನನ್ನು ಬಿಟ್ಟವಳೂ ತನ್ನದೇ ಹೆಸರಿನಲ್ಲಿ ಅರ್ಜಿ ಹಾಕಬಹುದಿತ್ತು. ವಿವಾಹಿತೆಗೆ ಮಾತ್ರ ಆ ದಾರಿ ಸಾಮಾನ್ಯವಾಗಿ ಮುಚ್ಚಿತ್ತು.

1909ರ ಮೇ ತಿಂಗಳಿನಲ್ಲಿ ಎಲಿನೋರ್ ಅದೇ ಗ್ರೀನ್ ರಿವರಿಗೆ ಬಂದು ಕ್ಲೈಡನ ಜಮೀನಿಗೆ ಹೊಂದಿಕೊಂಡ 147 ಎಕರೆಗೆ ಅರ್ಜಿ ಹಾಕಿದಳು. ಅದೇ ತಿಂಗಳು ಕ್ಲೈಡನನ್ನು ಮದುವೆಯೂ ಆದಳು. ಆಕೆ ಆ ಮನೆಗೆ ಬಂದು ಆರು ವಾರಗಳಷ್ಟೇ ಆಗಿದ್ದವು. ಅರ್ಜಿಯ ವಿಚಾರವನ್ನು ಕೂಡಲೇ ಸಂಭ್ರಮದಿಂದ ಬರೆದವಳು, ಮದುವೆಯ ವಿಚಾರವನ್ನು ತಿಳಿಸಿದ್ದು ಒಂದು ವರ್ಷ ಕಳೆದು, 1910ರ ಜೂನ್‌ನಲ್ಲಿ, ನಾಚಿಕೊಂಡು. ತನ್ನ ಪಾಲಿನ ಮನೆಯನ್ನು ಗಂಡನ ಮನೆಗೆ ತಾಗಿಸಿಯೇ ಕಟ್ಟಿಸಿದ್ದಳು. ಜಮೀನೂ ಉಳಿಯಬೇಕು, ಕೆಲಸವೂ ನಡೆಯಬೇಕು ಎಂಬುದು ಆಕೆಯ ಲೆಕ್ಕ. ಆದರೆ ಗಂಡಹೆಂಡಿರು ಬೇರೆ ಬೇರೆ ಎರಡು ವಾಸಸ್ಥಳಗಳನ್ನು ತೋರಿಸಿ ಎರಡು ಹಕ್ಕುಗಳನ್ನು ಉಳಿಸಿಕೊಳ್ಳಲು ಕಾನೂನು ಒಪ್ಪುತ್ತಿರಲಿಲ್ಲ. ಷೆರಿ ಸ್ಮಿತ್ ಎಂಬ ಇತಿಹಾಸಜ್ಞೆ 1991ರಲ್ಲಿ ಪ್ರಕಟಿಸಿದ ಲೇಖನದಿಂದ ತಿಳಿದುಬಂದುದೇನೆಂದರೆ, 1912ರಲ್ಲಿ ಎಲಿನೋರ್ ತನ್ನ ಹಕ್ಕನ್ನು ಬಿಟ್ಟುಕೊಟ್ಟಳು, ಆ ಭೂಮಿಗೆ ಆಕೆಯ ಅತ್ತೆ ರೂತ್ ಸ್ಟುವರ್ಟ್ ಅರ್ಜಿ ಹಾಕಿದರು. ಇದಾದ ಮೇಲೆ, 1913ರ ಜನವರಿಯ ಪತ್ರದಲ್ಲಿ, ನಗರದಲ್ಲಿ ಬಟ್ಟೆ ಒಗೆದು ಸವೆಯುವ ಬಡ ಹೆಂಗಸರೆಲ್ಲ ಹೀಗೆ ಭೂಮಿ ಹಿಡಿದು ಸ್ವತಂತ್ರರಾಗಬೇಕೆಂದು ಎಲಿನೋರ್ ಉತ್ಸಾಹದಿಂದ ಬರೆಯುತ್ತಾಳೆ. ಪುಸ್ತಕ ಹೆಸರಾದದ್ದೇ ಆ ಮಾತುಗಳಿಂದ. ಸ್ವಂತ ಹೆಸರಿನ ಭೂಮಿ ಕೈಬಿಟ್ಟ ಸಂಗತಿ ಅಲ್ಲಿಲ್ಲ.

ಹಾಗಾದರೆ ಆಕೆ ಸುಳ್ಳುಗಾತಿಯೆ? ನಮ್ಮ ತಾತ ಶಾನುಭೋಗರಾಗಿದ್ದವರು. ಖಾತೆಯಲ್ಲಿ ಯಾರ ಹೆಸರಿದೆ, ಕಣದಲ್ಲಿ ಯಾರು ನಿಂತಿದ್ದಾರೆ, ಎರಡನ್ನೂ ನೋಡಬೇಕು ಎನ್ನುತ್ತಿದ್ದರು. ಆ ಹೊಲದಲ್ಲಿ ಹುಲ್ಲು ಕೊಯ್ದದ್ದು ಆಕೆಯೇ, ಹಾಲು ಕರೆದದ್ದು ಆಕೆಯೇ. ಕೆಲಸದ ವಿಷಯದಲ್ಲಿ ಆಕೆಯ ಒಂದು ಮಾತೂ ಪೊಳ್ಳಲ್ಲ. ಆದರೆ ಹಕ್ಕಿನ ವಿಷಯದಲ್ಲಿ ಆಕೆ ಬರೆದದ್ದು ನಡೆದದ್ದನ್ನಲ್ಲ, ನಡೆಯಬೇಕೆಂದು ಬಯಸಿದ್ದನ್ನು ಎಂದು ನನಗನಿಸುತ್ತದೆ. ಚಿತ್ರ ಈ ಎಡೆಯಲ್ಲಿ ಪತ್ರಗಳಿಗಿಂತ ನಿಷ್ಠುರವಾಗಿದೆ. ಪಕ್ಕದ ಜಮೀನನ್ನು ಹಿಡಿಯುವೆನೆಂಬ ಎಲಿನೋರಳಿಗೆ ಕ್ಲೈಡ್, ಹಣವಿಲ್ಲದೆ ಅದು ಹೇಗೆ ಮುಳುಗುತ್ತದೆಂದು ಲೆಕ್ಕ ಹಾಕಿ ತೋರಿಸುತ್ತಾನೆ. ಮದುವೆಯ ಪ್ರಸ್ತಾಪ ಬರುವುದು ಆ ಲೆಕ್ಕದ ಬೆನ್ನಿಗೇ. ಮದುವೆಯ ದಿನ ಆಕೆ ಏಪ್ರನ್ ಬಿಚ್ಚಲು ಮರೆತು ಹಾಗೆಯೇ ನಿಲ್ಲುತ್ತಾಳೆ. ಇದು ಪತ್ರಗಳಲ್ಲೂ ಇರುವ ನಿಜಸಂಗತಿ.

ಇನ್ನೊಂದು ಸಂಗತಿಯಿದೆ. ಎಲಿನೋರ್ ಮತ್ತು ಕ್ಲೈಡರ ಚೊಚ್ಚಲ ಮಗು ಜೇಮ್ಸ್ ಶೈಶವದಲ್ಲೇ ಚರ್ಮದ ಸೋಂಕಿನಿಂದ ತೀರಿಕೊಂಡಿತು. ವೈದ್ಯನಿರಲಿಲ್ಲ, ಪಾದ್ರಿಯೂ ಇರಲಿಲ್ಲ. ಮರಗೆಲಸ ಬಲ್ಲ ಕ್ಲೈಡ್ ತಾನೇ ಪುಟ್ಟ ಶವಪೆಟ್ಟಿಗೆಯನ್ನು ಮಾಡಿದ, ಆಕೆ ಒಳಗೆ ಮೆತ್ತೆ ಹಾಸಿ ಬಟ್ಟೆ ಹೊದಿಸಿದಳು. ಮೂವತ್ತು ಮೈಲಿ ಸುತ್ತಿನ ನೆರೆಹೊರೆಯವರೆಲ್ಲ ನೆರೆದಾಗ ಬೈಬಲಿನಿಂದ ಓದಿ ಅಂತ್ಯಕ್ರಿಯೆ ನಡೆಸಿದವಳೂ ತಾಯಿಯೇ. ಈ ವಿಚಾರ ಡೆನ್ವರಿನ ಯಜಮಾನಿಗೆ ತಿಳಿದದ್ದು 1912ರ ಡಿಸೆಂಬರಿನ ಪತ್ರದಿಂದ. ಅದಕ್ಕೆ ಮೊದಲಿನ ಪತ್ರಗಳಲ್ಲಿ ಬೆಟ್ಟ, ಹೂವು, ನೆರೆಯವರ ಊಟ, ಕ್ರಿಸ್ಮಸ್ಸಿನ ಸಡಗರ. ಚಿತ್ರದಲ್ಲಿ ಹಿಮಗಾಳಿಯ ರಾತ್ರಿ ಗಂಡ ಸೂಲಗಿತ್ತಿಯನ್ನು ಕರೆತರಲು ಹೋಗಿ ಬರಿಗೈಲಿ ಮರಳುತ್ತಾನೆ. ಅಷ್ಟರಲ್ಲಿ ಆಕೆ ಒಬ್ಬಳೇ ಹೆತ್ತಿರುತ್ತಾಳೆ. ಆ ಮಗು ಉಳಿಯುವುದಿಲ್ಲ.

ಆ ಕ್ಯಾಸೆಟ್ಟನ್ನು ನಾನು ನೋಡಿದ್ದು 1996ರ ಮಾರ್ಚಿನಲ್ಲಿ. ಅದಕ್ಕೆ ಹದಿನೈದು ದಿನ ಮೊದಲು ನನ್ನ ನಾಲ್ಕು ತಿಂಗಳ ಬಸಿರು ಇಳಿದುಹೋಗಿತ್ತು. ಅಮ್ಮನಿಗೆ ಬರೆದ ಏರೋಗ್ರಾಮಿನಲ್ಲಿ ಹಿಮ ಎಷ್ಟು ಬೆಳ್ಳಗಿದೆ, ಇಲ್ಲಿ ಸಿಗುವ ಹಿಟ್ಟಿನಲ್ಲಿ ಹೋಳಿಗೆ ಹೇಗೆ ಬಂತು, ಪಕ್ಕದ ಮನೆಯ ನಾಯಿಯ ಹೆಸರೇನು ಎಂದೆಲ್ಲ ಮೂರು ಮಡಿಕೆಯೂ ತುಂಬುವಂತೆ ಬರೆದಿದ್ದೆ. ಅಮ್ಮನಿಗೆ ನಿಜ ಹೇಳಿದ್ದು ಮೂರು ವರ್ಷದ ಮೇಲೆ, ಮೈಸೂರಿನ ಅಡಿಗೆಮನೆಯಲ್ಲಿ, ಹುರುಳಿಕಾಯಿ ಸೋಸುತ್ತ. ಅಮ್ಮ ಕೈ ನಿಲ್ಲಿಸದೆ, ‘ಆ ಸಲದ ಕಾಗದ ತೀರಾ ಚೆನ್ನಾಗಿತ್ತು ಕಣೇ, ಅದಕ್ಕೇ ಅನುಮಾನ ಬಂದಿತ್ತು’ ಎಂದರು.

ಬಹುಶಃ ಶ್ರೀಮತಿ ಕೋನಿಯವರಿಗೂ ಅನುಮಾನ ಬಂದಿರಬಹುದು. ಅವರ ಉತ್ತರಗಳನ್ನು ನಾನು ಎಲ್ಲೂ ಓದಿಲ್ಲ.

ಕಾರು ನಡೆಸಲು ಕಲಿತ ಮೇಲೆ, 1997ರ ಜುಲೈನಲ್ಲಿ, ಒತ್ತಾಯ ಮಾಡಿ ನಮ್ಮ ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರ್ಂಟ್ ಫೋರ್ಕಿಗೆ ಹೋದೆ. ಯೂಟಾ ರಾಜ್ಯದ ಗಡಿಗೆ ತಾಗಿದ ಕಣಿವೆ ಅದು. ದಕ್ಷಿಣಕ್ಕೆ ಯೂಯಿಂಟಾ ಪರ್ವತಗಳು, ಬೇಸಗೆಯಲ್ಲೂ ನೆತ್ತಿಯ ಮೇಲೆ ಹಿಮ. 1825ರಲ್ಲಿ ತುಪ್ಪಳದ ವ್ಯಾಪಾರಿಗಳು ಬೇಟೆಗಾರರೊಡನೆ ತಮ್ಮ ಮೊಟ್ಟಮೊದಲ ವಾರ್ಷಿಕ ಸಂತೆ ನಡೆಸಿದ್ದು ಇದರ ಸಮೀಪದಲ್ಲೇ. ಈಗ ಅಲ್ಲಿ ಹುಲ್ಲುಗಾವಲು, ಬೇಲಿ, ಒಂದೊಂದು ಮನೆ. ಸ್ಟುವರ್ಟರ ಹಳೆಯ ಮನೆ ರಾಷ್ಟ್ರೀಯ ಐತಿಹಾಸಿಕ ತಾಣಗಳ ಪಟ್ಟಿಯಲ್ಲಿದೆಯಾದರೂ ಖಾಸಗಿ ಜಮೀನೆಂದು ನಾವು ಬೇಲಿ ದಾಟಲಿಲ್ಲ. 1933ರಲ್ಲಿ ತೀರಿಕೊಂಡ ಎಲಿನೋರಳ ಸಮಾಧಿ ಅಲ್ಲಿಯ ಸ್ಮಶಾನದಲ್ಲಿದೆ. ಗಾಳಿ ಎಷ್ಟಿತ್ತೆಂದರೆ ಹೊತ್ತಿಸಿದ ಊದುಬತ್ತಿ ನಿಲ್ಲಲಿಲ್ಲ. ಕಾರಿನೊಳಗೇ ಕುಳಿತು ಚಿತ್ರಾನ್ನ ತಿಂದೆವು. ಎದುರಿನ ಹೊಲದಲ್ಲಿ ಹದಿನೈದು ಹದಿನಾರರ ಹುಡುಗಿಯೊಬ್ಬಳು ಟ್ರ್ಯಾಕ್ಟರಿನ ಮೇಲೆ ಕುಳಿತು ಹುಲ್ಲು ಕೊಯ್ಯುತ್ತಿದ್ದಳು. ನಮ್ಮನ್ನು ಕಂಡು ಕೈ ಬೀಸಿದಳು, ಮತ್ತೆ ಸಾಲಿನ ತುದಿಗೆ ಹೋಗಿ ತಿರುಗಿಸಿಕೊಂಡಳು.