ಗ್ಲಾಕೋಮಾ: ಕಲ್ಪನೆ ಮತ್ತು ಪತ್ತೆಯ ಇತಿಹಾಸ

ಗ್ಲಾಕೋಮಾ: ಕಣ್ಣಿನಿಂದ ಮಿದುಳಿಗೆ ನೋಟವನ್ನು ಒಯ್ಯುವ ದೃಷ್ಟಿನರದ ಎಳೆಗಳು ನಿಧಾನವಾಗಿ ನಶಿಸುವ ರೋಗಗಳ ಗುಂಪು. ಕಣ್ಣಿನ ಒಳಗಿನ ದ್ರವದ ಒತ್ತಡ ಇದರ ಮುಖ್ಯ ಅಪಾಯಕಾರಣ; ಆದರೆ ಒತ್ತಡವೇ ರೋಗವಲ್ಲ. ಬಹುತೇಕ ರೋಗಿಗಳಿಗೆ ನೋವಿರುವುದಿಲ್ಲ. ನೋಟ ಬದಿಗಳಿಂದ ಕುಗ್ಗುತ್ತ ಬರುತ್ತದೆ, ನಡುನೋಟ ಬಹುಕಾಲ ಉಳಿಯುತ್ತದೆ. ಹೋದ ನೋಟ ಮರಳುವುದಿಲ್ಲ. ಹೆಸರು ಎರಡು ಸಾವಿರ ವರ್ಷಗಳಿಗೂ ಹಳೆಯದಾದರೂ ಅದು ಸೂಚಿಸುವ ಸಂಗತಿ ಬದಲಾಗುತ್ತ ಬಂದಿದೆ: ಮೊದಲು ಪಾಪೆಯ ಬಣ್ಣ, ಆಮೇಲೆ ಕಣ್ಣುಗುಡ್ಡೆಯ ಗಡಸು, ಕೊನೆಗೆ ನರದ ಸವೆತ. ರೋಗವನ್ನು ಎಷ್ಟು ಬೇಗ ಹಿಡಿಯಬಹುದೆಂಬುದೂ ಈ ವ್ಯಾಖ್ಯೆಗಳ ಜೊತೆಯಲ್ಲೇ ಬದಲಾಗಿದೆ.

ಹೆಸರಿನ ಗೊಂದಲ

ಹಿಪ್ಪೊಕ್ರಾಟಿಸ್‌ನ ಹೆಸರಿನಲ್ಲಿರುವ ವೈದ್ಯಸೂತ್ರಗಳು ಮುಪ್ಪಿನ ಕಾಯಿಲೆಗಳ ಸಾಲಿನಲ್ಲಿ 'ಗ್ಲಾಕೋಸಿಸ್' ಎಂಬುದನ್ನು ಸೇರಿಸಿವೆ. 'ಗ್ಲಾಕೋಸ್' ಎಂದರೆ ಗ್ರೀಕಿನಲ್ಲಿ ನೀಲಿ, ಹಸಿರು, ಬೂದು ಬೆರೆತ ತಿಳಿಬಣ್ಣ. ಅದು ಈಗಿನ ಗ್ಲಾಕೋಮಾ ಎನ್ನಲು ಆಧಾರವಿಲ್ಲ. ಕಣ್ಣಿನ ಪೊರೆಯೂ ಆ ಹೆಸರಿನಡಿ ಬಂದಿರಬೇಕು. ಎಫೆಸಸ್ಸಿನ ರೂಫಸ್ ಎಂಬ ವೈದ್ಯ ಎರಡನ್ನೂ ಬೇರ್ಪಡಿಸಿದ: ಮಸೂರ ಕೆಟ್ಟರೆ ಗ್ಲಾಕೋಮಾ, ಮಸೂರದ ಮುಂದೆ ದ್ರವ ಹೆಪ್ಪುಗಟ್ಟಿದರೆ ಪೊರೆ. ಮಸೂರವೇ ನೋಟದ ನೆಲೆಯೆಂದು ಆಗ ನಂಬಿದ್ದರಿಂದ ಮೊದಲನೆಯದು ಅಸಾಧ್ಯ ರೋಗವೆನಿಸಿತು, ಎರಡನೆಯದು ಸೂಜಿಯ ಚಿಕಿತ್ಸೆಗೆ ಸಾಧ್ಯವೆನಿಸಿತು. ಹೀಗಾಗಿ ಸೂಜಿಗೆ ಬಗ್ಗದ ಅಂಧತ್ವಕ್ಕೆಲ್ಲ ಗ್ಲಾಕೋಮಾ ಎಂಬ ಹೆಸರು ಅಂಟಿಕೊಂಡಿತು.

1705ರಲ್ಲಿ ಫ್ರಾನ್ಸಿನ ಮಿಷೆಲ್ ಬ್ರಿಸೋ ಸತ್ತ ಸೈನಿಕನೊಬ್ಬನ ಕಣ್ಣನ್ನು ಛೇದಿಸಿ, ಮಬ್ಬಾದ ಮಸೂರವೇ ಪೊರೆ ಎಂದು ತೋರಿಸಿದ. ಅಲ್ಲಿಗೆ ಗ್ಲಾಕೋಮಾಗೆ ಮಸೂರದಲ್ಲಿ ಜಾಗ ತಪ್ಪಿತು. ಬ್ರಿಸೋ ಅದನ್ನು ಮಸೂರದ ಹಿಂದಿನ ಗಾಜುದ್ರವಕ್ಕೆ ತಳ್ಳಿದ, ಅದೂ ತಪ್ಪೇ.

ಭಾರತದ ವೈದ್ಯಗ್ರಂಥಗಳ ವಿಷಯದಲ್ಲೂ ಇಂಥದೇ ಎಚ್ಚರ ಬೇಕು. ಸುಶ್ರುತ ಸಂಹಿತೆಯ ಉತ್ತರತಂತ್ರ 76 ಕಣ್ಣುರೋಗಗಳನ್ನು ಹೇಳುತ್ತದೆ. ಅವುಗಳಲ್ಲಿ 'ಅಧಿಮಂಥ' ಕಣ್ಣನ್ನೂ ಅರ್ಧ ತಲೆಯನ್ನೂ ಕಡೆದಂತೆ ನೋಯಿಸುವ, ಚಿಕಿತ್ಸೆ ತಪ್ಪಿದರೆ ಕೆಲವೇ ದಿನಗಳಲ್ಲಿ ನೋಟ ಕಳೆಯುವ ರೋಗ. ಇಂದಿನ ಆಯುರ್ವೇದ ಬರಹಗಳು ಇದನ್ನು ಗ್ಲಾಕೋಮಾ ಎಂದೇ ಅನುವಾದಿಸುತ್ತವೆ. ಹಠಾತ್ತನೆ ಒತ್ತಡ ಏರುವ ತೀವ್ರ ಗ್ಲಾಕೋಮಾಗೆ ಈ ವರ್ಣನೆ ಹೊಂದುತ್ತದೆ. ಸದ್ದಿಲ್ಲದೆ ಬೆಳೆಯುವ ಸಾಮಾನ್ಯ ಬಗೆಗೆ ಹೊಂದುವುದಿಲ್ಲ.

ಗಡಸಿನಿಂದ ಗುಣಿಗೆ

ಕುರುಡಾದ ಕೆಲವು ಕಣ್ಣುಗಳು ಬೆರಳಿಗೆ ಗಟ್ಟಿಯಾಗಿ ತಾಗುತ್ತವೆಂದು ಇಂಗ್ಲೆಂಡಿನ ರಿಚರ್ಡ್ ಬ್ಯಾನಿಸ್ಟರ್ 1622ರಲ್ಲೇ ಬರೆದಿದ್ದ. ಈ ಮಾತಿಗೆ ಬಹುಕಾಲ ಬೆಲೆ ಬರಲಿಲ್ಲ. 1830ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ಮೆಕೆಂಜಿ ತನ್ನ ಪಠ್ಯದಲ್ಲಿ ಗಡಸನ್ನು ಗ್ಲಾಕೋಮಾದ ಗುರುತಾಗಿ ವಿವರಿಸಿದ.

ನಿಜವಾದ ತಿರುವು 1851ರದು. ಆ ವರ್ಷ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಪ್ರಕಟಿಸಿದ ನೇತ್ರದರ್ಶಕದಿಂದ ಬದುಕಿರುವ ಮನುಷ್ಯನ ದೃಷ್ಟಿನರದ ಬಿಲ್ಲೆಯನ್ನು ಕಾಣುವುದು ಸಾಧ್ಯವಾಯಿತು. ಆದರೆ ಹೊಸ ಉಪಕರಣ ಮೊದಲು ಕೊಟ್ಟದ್ದು ತಪ್ಪು ಉತ್ತರ. 1854ರಲ್ಲಿ ವಿಯೆನ್ನಾದ ಯೇಗರ್ ಮತ್ತು ಬರ್ಲಿನ್ನಿನ ಆಲ್ಬ್ರೆಕ್ಟ್ ಫಾನ್ ಗ್ರೇಫ ಇಬ್ಬರೂ ಗ್ಲಾಕೋಮಾದಲ್ಲಿ ಬಿಲ್ಲೆ ಉಬ್ಬಿರುತ್ತದೆಂದು ವರ್ಣಿಸಿದರು. ಒಂದೇ ಕಣ್ಣಿನಿಂದ ನೋಡುವ ಆ ಉಪಕರಣದಲ್ಲಿ ಆಳ ತಿಳಿಯುತ್ತಿರಲಿಲ್ಲ. ನೆರಳು ಬೆಳಕಿನ ಆಟದಲ್ಲಿ ಹಳ್ಳ ದಿಬ್ಬವಾಗಿ ಕಂಡಿತ್ತು. ಅದು ಉಬ್ಬಲ್ಲ, ಗುಣಿ ಎಂದು ಅಡಾಲ್ಫ್ ವೆಬರ್ ತೋರಿಸಿದ. ಹೈನ್ರಿಖ್ ಮ್ಯೂಲರ್‌ನ ಅಂಗರಚನಾ ಪರೀಕ್ಷೆ ಅದನ್ನು ಖಚಿತಪಡಿಸಿತು. ಫಾನ್ ಗ್ರೇಫ ತನ್ನ ತಪ್ಪನ್ನು ತಾನೇ ತಿದ್ದಿಕೊಂಡ. 1857ರಲ್ಲಿ ಐರಿಸ್‌ನ ತುಣುಕೊಂದನ್ನು ಕತ್ತರಿಸಿ ತೆಗೆದು ತೀವ್ರ ಗ್ಲಾಕೋಮಾವನ್ನು ತಹಬಂದಿಗೆ ತರಬಹುದೆಂದು ವರದಿ ಮಾಡಿದ್ದೂ ಆತನೇ. ಅಸಾಧ್ಯವೆನಿಸಿದ್ದ ರೋಗಕ್ಕೆ ದೊರೆತ ಮೊದಲ ಪರಿಣಾಮಕಾರಿ ಚಿಕಿತ್ಸೆ ಅದು.

ಗುಣಿ ಬಿದ್ದಿದ್ದರೂ ಗಡಸಾಗದ ಕಣ್ಣುಗಳು ಫಾನ್ ಗ್ರೇಫನ ಕಣ್ಣಿಗೆ ಬಿದ್ದಿದ್ದವು. ಅವನ್ನು ಆತ ಬೇರೆ ರೋಗವೆಂದೇ ಬಗೆದ. ಒತ್ತಡವೇ ಮೂಲವೆಂದು ನಂಬಿದ್ದ ಕಾಲದಲ್ಲಿ ಇಂಥ ಕಣ್ಣುಗಳಿಗೆ ನೆಲೆ ಸಿಗಲಿಲ್ಲ. ಈ ಪ್ರಶ್ನೆ ಪೂರ್ತಿಯಾಗಿ ಮರಳಿ ಬಂದದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ.

ಉಪಕರಣಗಳು, ಚಿಕಿತ್ಸೆಗಳು

1876ರಲ್ಲಿ ಲುಡ್ವಿಗ್ ಲಾಕರ್ ಆಫ್ರಿಕಾದ ಕಲಬಾರ್ ಬೀಜದ ಸತ್ವವನ್ನು ಕಣ್ಣಿಗೆ ಹನಿಸಿ ಒತ್ತಡ ಇಳಿಸಿದ; ಆತನೇ ಗ್ಲಾಕೋಮಾ ರೋಗಿಯಾಗಿದ್ದ. 1889ರಲ್ಲಿ ಕೋಪನ್‌ಹೇಗನ್ನಿನ ಬ್ಯೆರುಮ್ ನೋಟದ ಬಯಲಿನಲ್ಲಿ ಕಮಾನಿನಂತೆ ಹರಡುವ ಕುರುಡು ತಾಣಗಳನ್ನು ಗುರುತಿಸಿದ. ಶ್ಯೋಟ್ಸ್ 1905ರಲ್ಲೂ ಗೋಲ್ಡ್‌ಮನ್ 1950ರ ದಶಕದಲ್ಲೂ ರೂಪಿಸಿದ ಒತ್ತಡಮಾಪಕಗಳು ಬೆರಳ ಅಂದಾಜಿನ ಬದಲು ಅಂಕಿ ಕೊಟ್ಟವು. 1938ರಲ್ಲಿ ಅಮೆರಿಕದ ಆಟೊ ಬಾರ್ಕನ್ ಕಾರ್ನಿಯಾ ಮತ್ತು ಐರಿಸ್ ಕೂಡುವ, ದ್ರವ ಹೊರಹೋಗುವ ಕೋನವನ್ನು ನೋಡಿ, ಕೋನ ತೆರೆದ ಮತ್ತು ಕಿರಿದಾದ ಎರಡು ಬಗೆಗಳನ್ನು ವಿಂಗಡಿಸಿದ.

ಶಸ್ತ್ರಚಿಕಿತ್ಸೆಯ ಒಂದು ಅಧ್ಯಾಯ ಮದ್ರಾಸಿನದು. ಅಲ್ಲಿನ ಸರ್ಕಾರಿ ಕಣ್ಣಾಸ್ಪತ್ರೆಯ ಅಧೀಕ್ಷಕನಾಗಿದ್ದ ರಾಬರ್ಟ್ ಹೆನ್ರಿ ಎಲಿಯಟ್, ಕಾರ್ನಿಯಾದ ಅಂಚಿನಲ್ಲಿ ಸಣ್ಣ ಗುಂಡು ರಂಧ್ರ ಕೊರೆದು ದ್ರವಕ್ಕೆ ಹೊರದಾರಿ ಮಾಡುವ ಕ್ರಮವನ್ನು 1909ರಲ್ಲಿ ಪ್ರಕಟಿಸಿದ. ಅದು ದಶಕಗಳ ಕಾಲ ಜಗತ್ತಿನಾದ್ಯಂತ ಬಳಕೆಯಲ್ಲಿತ್ತು. ರಂಧ್ರದ ಮೇಲಿನ ತೆಳು ಪದರ ತಡವಾಗಿ ಸೋಂಕಿಗೆ ತುತ್ತಾಗುವುದು ಅದರ ದೋಷ. 1968ರಲ್ಲಿ ಕೇಂಬ್ರಿಜ್‌ನ ಕೇರ್ನ್ಸ್ ವರ್ಣಿಸಿದ, ರಂಧ್ರಕ್ಕೆ ಮುಚ್ಚಳವಿರುವ ಟ್ರಾಬೆಕ್ಯುಲೆಕ್ಟಮಿ ಅದರ ಸ್ಥಾನಕ್ಕೆ ಬಂತು. ಮುಂದೆ ಟಿಮೊಲಾಲ್ ಹನಿ (1978), ಲೇಸರ್ ಚಿಕಿತ್ಸೆ (1979), ಲಟನೊಪ್ರಾಸ್ಟ್ ಹನಿ (1996) ಬಂದವು.

ಇಪ್ಪತ್ತೊಂದರ ಗೆರೆ

1958ರಲ್ಲಿ ಜರ್ಮನಿಯ ಲೈಡ್‌ಹೆಕರ್ ಮತ್ತು ಸಂಗಡಿಗರು ಸುಮಾರು 10,000 ಜನರ ಕಣ್ಣೊತ್ತಡ ಅಳೆದು, ಸರಾಸರಿ 15.5 ಮಿ.ಮೀ. ಪಾದರಸವೆಂದು ಕಂಡರು. ಅದರಿಂದ ಲೆಕ್ಕ ಹಾಕಿದ ಮೇಲಂಚು ಸುಮಾರು 21. ಇದು ಸಂಖ್ಯಾಶಾಸ್ತ್ರದ ಗೆರೆಯಷ್ಟೇ. ಆದರೂ ವೈದ್ಯರ ಬಳಕೆಯಲ್ಲಿ ಅದು ಆರೋಗ್ಯಕ್ಕೂ ರೋಗಕ್ಕೂ ನಡುವಿನ ಗಡಿಯಾಯಿತು. 1991ರಲ್ಲಿ ಅಮೆರಿಕದ ಬಾಲ್ಟಿಮೋರ್ ಸಮೀಕ್ಷೆ ಈ ನಂಬಿಕೆಯನ್ನು ಅಲುಗಾಡಿಸಿತು: ರೋಗವಿದ್ದವರಲ್ಲಿ ಸುಮಾರು ಅರ್ಧ ಮಂದಿ ಒಮ್ಮೆ ಅಳೆದಾಗ ಆ ಗೆರೆಯೊಳಗೇ ಇದ್ದರು. ಒತ್ತಡವೊಂದನ್ನೇ ಅಳೆಯುವ ಶಿಬಿರ ಅವರನ್ನೆಲ್ಲ ನಿರೋಗಿಗಳೆಂದು ಮನೆಗೆ ಕಳಿಸುತ್ತಿತ್ತು.

ಚಿಕಿತ್ಸೆಯಿಂದ ನಿಜವಾಗಿ ಲಾಭವಿದೆಯೇ ಎಂಬ ಪ್ರಶ್ನೆಗೂ ಗಟ್ಟಿ ಉತ್ತರ ಬಂದದ್ದು 2002ರಲ್ಲಿ. ಸ್ವೀಡನ್ನಿನಲ್ಲಿ ಹೊಸದಾಗಿ ಪತ್ತೆಯಾದ 255 ರೋಗಿಗಳನ್ನು ಎರಡು ಗುಂಪು ಮಾಡಿ ವರ್ಷಗಟ್ಟಲೆ ಗಮನಿಸಲಾಯಿತು. ಚಿಕಿತ್ಸೆ ಪಡೆದವರಲ್ಲಿ ಶೇ. 45, ಪಡೆಯದವರಲ್ಲಿ ಶೇ. 62 ಮಂದಿಗೆ ರೋಗ ಮುಂದುವರಿಯಿತು. ಅದೇ ವರ್ಷ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿದ್ದವರು ಒತ್ತಡ ಹೆಚ್ಚಿದ್ದೂ ನರ ಕೆಡದ 1,636 ಮಂದಿ. ಐದು ವರ್ಷಗಳಲ್ಲಿ ಗ್ಲಾಕೋಮಾ ತಲೆದೋರಿದ್ದು ಔಷಧ ಪಡೆದವರಲ್ಲಿ ಶೇ. 4.4, ಪಡೆಯದವರಲ್ಲಿ ಶೇ. 9.5. ಈ ಅಂಕಿಯನ್ನು ಎರಡು ಬಗೆಯಲ್ಲಿ ಓದಲಾಗುತ್ತದೆ: ಔಷಧ ಅಪಾಯವನ್ನು ಅರ್ಧಕ್ಕಿಳಿಸುತ್ತದೆ, ಹಾಗೆಯೇ, ಔಷಧವಿಲ್ಲದೆಯೂ ಹತ್ತರಲ್ಲಿ ಒಂಬತ್ತು ಮಂದಿಗೆ ಆ ಅವಧಿಯಲ್ಲಿ ರೋಗ ಬರಲಿಲ್ಲ.

ಭಾರತದ ಸಮೀಕ್ಷೆಗಳು

1998ರಲ್ಲಿ ಪ್ರಕಟವಾದ ವೆಲ್ಲೂರು ಸಮೀಕ್ಷೆ, 30ರಿಂದ 60 ವರ್ಷದವರಲ್ಲಿ ಕೋನ ಮುಚ್ಚಿದ ಬಗೆ ಶೇ. 4.32, ಕೋನ ತೆರೆದ ಬಗೆ ಶೇ. 0.41 ಎಂದಿತು. 2003ರ ಅರವಿಂದ್ ಸಮೀಕ್ಷೆಯ ಚಿತ್ರ ಇದಕ್ಕೆ ತಿರುಗುಮುರುಗು: 40 ದಾಟಿದವರಲ್ಲಿ ಕೋನ ತೆರೆದ ಬಗೆ ಶೇ. 1.7, ಮುಚ್ಚಿದ ಬಗೆ ಶೇ. 0.5. ಒಂದೇ ರಾಜ್ಯದ ಈ ಎರಡು ಅಂಕಿಗಳನ್ನು ನೇರವಾಗಿ ಹೋಲಿಸುವಂತಿಲ್ಲ. ವಯೋಮಿತಿ ಬೇರೆ, ವ್ಯಾಖ್ಯೆಯೂ ಬೇರೆ. ಬರಿಯ ಕೋನ ಮುಚ್ಚಿದ್ದನ್ನೂ ನರ ಕೆಟ್ಟದ್ದನ್ನೂ ಬೇರೆ ಬೇರೆ ಎಣಿಸುವ ಅಂತರರಾಷ್ಟ್ರೀಯ ಒಪ್ಪಂದ ರೂಪುಗೊಂಡದ್ದು 2002ರಲ್ಲಿ. ಸಮೀಕ್ಷೆಗಳು ಒಮ್ಮತದಿಂದ ಹೇಳುವುದು ಇನ್ನೊಂದು ಸಂಗತಿಯನ್ನು: ಹೆಚ್ಚಿನವರ ರೋಗ ಪತ್ತೆಯೇ ಆಗಿರುವುದಿಲ್ಲ. ಚೆನ್ನೈ ಗ್ಲಾಕೋಮಾ ಅಧ್ಯಯನ ಹಳ್ಳಿಗಳಲ್ಲಿ ಕಂಡ ಕೋನ ತೆರೆದ ಬಗೆಯ ರೋಗಿಗಳಲ್ಲಿ ಶೇ. 98ಕ್ಕೂ ಹೆಚ್ಚು ಮಂದಿಯ ರೋಗ ಅದುವರೆಗೆ ಪತ್ತೆಯಾಗಿರಲಿಲ್ಲ. ದೇಶದಲ್ಲಿ 40 ದಾಟಿದ ಸುಮಾರು 1.12 ಕೋಟಿ ಜನರಿಗೆ ಗ್ಲಾಕೋಮಾ ಇದೆಯೆಂಬುದು 2010ರ ಅಂದಾಜು.

ಬೇಗನೆ ಪತ್ತೆ: ಇಂದಿನ ನಿಲುವು

ಬೇಗ ಹಿಡಿದ ರೋಗವನ್ನು ನಿಧಾನಗೊಳಿಸಬಹುದೆಂಬುದರಲ್ಲಿ ಈಗ ವಿವಾದವಿಲ್ಲ. ಯಾರನ್ನು, ಹೇಗೆ ತಪಾಸಿಸಬೇಕೆಂಬುದರಲ್ಲಿ ಇದೆ. ರೋಗಲಕ್ಷಣವಿಲ್ಲದ ವಯಸ್ಕರನ್ನೆಲ್ಲ ತಪಾಸಿಸಿದರೆ ಆಗುವ ಲಾಭ ನಷ್ಟಗಳನ್ನು ತೂಗಲು ಪುರಾವೆ ಸಾಲದೆಂದು ಅಮೆರಿಕದ ರೋಗತಡೆ ಕಾರ್ಯಪಡೆ 2013ರಲ್ಲೂ 2022ರಲ್ಲೂ ಹೇಳಿತು. ಬೇರೆ ಕಾರಣಕ್ಕೆ ಕಣ್ಣು ತೋರಿಸಲು ಬಂದವರಲ್ಲೇ ಗ್ಲಾಕೋಮಾವನ್ನು ಹುಡುಕುವುದು ನಡುದಾರಿ. ಇದಕ್ಕೆ ಒತ್ತಡ, ಕೋನ, ನರದ ಬಿಲ್ಲೆ ಮೂರನ್ನೂ ನೋಡಬೇಕು. ಸಂಶಯವಿದ್ದರೆ ದೃಷ್ಟಿಕ್ಷೇತ್ರದ ಪರೀಕ್ಷೆ. ಹಿರಿಯರ ನೋಟ ಮಂಜಾದಾಗ ಪೊರೆಯಿರಬೇಕೆಂದು, ಅದು ಬಲಿಯಲಿ ಎಂದು ಕಾಯುವ ರೂಢಿಯಲ್ಲಿ ಗ್ರೀಕರ ಹಳೆಯ ಗೊಂದಲ ಇನ್ನೂ ಉಳಿದಿದೆ; ಪೊರೆ ಕಾಯಬಲ್ಲದು, ಗ್ಲಾಕೋಮಾ ಕಾಯುವುದಿಲ್ಲ. ನಲವತ್ತರ ಹೊತ್ತಿಗೆ ಚಾಳೀಸು ಬೇಕೆಂದು ಬರುವ ಭೇಟಿಯೇ ಈ ಪರೀಕ್ಷೆಗೆ ತಕ್ಕ ಸಂದರ್ಭ. ರೋಗಿಗಳ ಒಡಹುಟ್ಟಿದವರಿಗೂ ಮಕ್ಕಳಿಗೂ ಅಪಾಯ ಇತರರಿಗಿಂತ ಹಲವು ಪಟ್ಟು ಹೆಚ್ಚಿರುವುದರಿಂದ, ಮನೆಯಲ್ಲಿ ಒಬ್ಬರಿಗೆ ಗ್ಲಾಕೋಮಾ ಇದ್ದರೆ ಅವರ ಒಡಹುಟ್ಟಿದವರೂ ಮಕ್ಕಳೂ ತಮ್ಮ ಕಣ್ಣುಗಳನ್ನು ಪರೀಕ್ಷಿಸಿಕೊಳ್ಳಬೇಕು.