ಅಮೃತಮತಿ: ಯಶೋಧರ ಚರಿತೆಯಲ್ಲಿ ಒಲವು ಮತ್ತು ದೃಷ್ಟಿಪಲ್ಲಟ

ಅಮೃತಮತಿಯು ಹೊಯ್ಸಳ ದೊರೆ ವೀರಬಲ್ಲಾಳನಿಂದ ಕವಿಚಕ್ರವರ್ತಿ ಎಂಬ ಬಿರುದು ಪಡೆದ ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯ ಪ್ರಮುಖ ಪಾತ್ರ, ಉಜ್ಜಯಿನಿಯ ಅರಸ ಯಶೋಧರನ ರಾಣಿ. ಒಲವು ಮೂಡಿದೊಡನೆ ವ್ಯಕ್ತಿಯ ಮೌಲ್ಯನಿರ್ಣಯವೇ ತಲೆಕೆಳಗಾಗುವ ಬಗೆಯನ್ನು ಹಳಗನ್ನಡದಲ್ಲಿ ಇಷ್ಟು ನಿಷ್ಠುರವಾಗಿ ಪರೀಕ್ಷಿಸಿದ ಪಾತ್ರಗಳು ವಿರಳ.

ಕಥಾಸಂದರ್ಭ

ಅರಮನೆಯಲ್ಲಿ ಪತಿಯೊಡನೆ ಸುಖವಾಗಿದ್ದ ರಾಣಿಯು ಆನೆಯ ಮಾವುತನಾದ ಅಷ್ಟಾವಂಕನ ಹಾಡನ್ನು ಕೇಳಿ, ಅವನನ್ನು ಕಾಣುವ ಮೊದಲೇ ಮನಸೋಲುತ್ತಾಳೆ. ನೋಡಿ ಬರಲು ಹೋದ ದೂತಿ ಅವನ ವಿಕಾರ ರೂಪವನ್ನು ಹೇಸಿಗೆಯಿಂದ ಬಣ್ಣಿಸಿದರೂ ಆಕೆಯ ಮನಸ್ಸು ಹಿಂಜರಿಯುವುದಿಲ್ಲ.

ದೂತಿಗೆ ಕೊಟ್ಟ ಉತ್ತರ

ಪಾತ್ರದ ದೃಷ್ಟಿಪಲ್ಲಟವನ್ನು ಕವಿ ಅಡಕಗೊಳಿಸಿರುವುದು ಈ ಉತ್ತರದಲ್ಲಿ. ಕಪ್ಪೆಂದು ಕಸ್ತೂರಿಯನ್ನು, ಗಂಟುಗಂಟೆಂದು ಶ್ರೀಗಂಧವನ್ನು, ಡೊಂಕೆಂದು ಮನ್ಮಥನ ಬಿಲ್ಲನ್ನು ಯಾರೂ ಹಳಿಯುವುದಿಲ್ಲವೆಂದು ವಾದಿಸುವ ರಾಣಿ, ಪ್ರಿಯನ ಮೈಯಲ್ಲಿ ಕುಂದೂ ಸೊಗಸೇ ಎಂಬ ನಿಲುವಿಗೆ ಬರುತ್ತಾಳೆ. ಇಲ್ಲಿ ಛಂದಸ್ಸಿನ ಪಾತ್ರ ಗಮನಾರ್ಹವಾದುದು. ಈ ಉತ್ತರವು ಕಂದಪದ್ಯದಲ್ಲಿದೆ; ಕಂದದ ಒಂದನೆಯ ಮತ್ತು ಮೂರನೆಯ ಪಾದಗಳಲ್ಲಿ ನಾಲ್ಕು ಮಾತ್ರೆಯ ಮೂರು ಗಣಗಳು, ಎಂದರೆ 12 ಮಾತ್ರೆಗಳು, ಎರಡನೆಯ ಮತ್ತು ನಾಲ್ಕನೆಯ ಪಾದಗಳಲ್ಲಿ ಐದು ಗಣಗಳು, ಎಂದರೆ 20 ಮಾತ್ರೆಗಳು ಇರುತ್ತವೆ. ಜನ್ನನು ಮೂರೂ ನಿದರ್ಶನಗಳನ್ನು ಮೊದಲ ಮೂರು ಪಾದಗಳಲ್ಲಿ ಒತ್ತೊತ್ತಾಗಿ ಕೂರಿಸಿ, ತೀರ್ಪಿಗೆ ಕೊನೆಯ ನೀಳ ಪಾದವನ್ನು ಮೀಸಲಿಟ್ಟಿರುವುದರಿಂದ, ಮರುಳಿನ ಮಾತು ತರ್ಕದ ಬಿಗಿಯನ್ನು ಪಡೆದುಕೊಳ್ಳುತ್ತದೆ. ರಾಣಿಯು ಕುರೂಪವನ್ನು ಕಾಣದೆ ಹೋದವಳಲ್ಲ, ಕಂಡೂ ಅದರ ಬೆಲೆಯನ್ನು ಬದಲಿಸಿದವಳು. ಆದ್ದರಿಂದ ಪ್ರೇಮ ಕುರುಡೆಂಬ ಗಾದೆ ಆಕೆಗೆ ಪೂರ್ತಿ ಒಪ್ಪುವಂತೆ ತೋರದು.

ಮುಂದೆ ತನ್ನ ಬಳಿಗೆ ತಡವಾಗಿ ಬಂದುದಕ್ಕೆ ರಾಣಿಯನ್ನು ಮಾವುತನು ಥಳಿಸಿದಾಗ, ಅವನಲ್ಲದೆ ಉಳಿದ ಗಂಡಸರೆಲ್ಲ ತನಗೆ ಸೋದರರೆಂದು ಆಕೆ ಹೇಳಿಕೊಳ್ಳುತ್ತಾಳೆ. ಪಾತಿವ್ರತ್ಯದ ಈ ಮಾತು ಜಾರನಿಗೆ ಸಲ್ಲುವುದನ್ನು ಮರೆಯಲ್ಲಿ ನಿಂತ ಪತಿಯೇ ಕೇಳಿಸಿಕೊಳ್ಳುವುದು ಕಾವ್ಯದ ಅತ್ಯಂತ ಕಟುವಾದ ವ್ಯಂಗ್ಯವೆನ್ನಬಹುದು.

ಯಶೋಧರನ ಪರಿವರ್ತನೆ

ಕತ್ತಿಯೆತ್ತಿಯೂ ಕೊಲ್ಲದೆ ಹಿಂದಿರುಗುವ ಅರಸನಿಗೆ ಭೋಗದಲ್ಲಿ ಜುಗುಪ್ಸೆ ಹುಟ್ಟುತ್ತದೆ. ಕಂಡುದನ್ನು ಕನಸೆಂದು ತಾಯಿ ಚಂದ್ರಮತಿಗೆ ತಿಳಿಸಿದಾಗ ಆಕೆ ಶಾಂತಿಗಾಗಿ ಬಲಿಯನ್ನು ಬಯಸುತ್ತಾಳೆ. ಜೀವಬಲಿಗೆ ಅರಸನು ಒಪ್ಪದಿರಲು, ಕೊನೆಗೆ ಹಿಟ್ಟಿನ ಕೋಳಿಯನ್ನು ಕಡಿಯಲಾಗುತ್ತದೆ. ಬಳಿಕ ರಾಣಿಯು ಇಬ್ಬರಿಗೂ ವಿಷವಿಕ್ಕುತ್ತಾಳೆ, ಸಂಕಲ್ಪಹಿಂಸೆಯ ಫಲವಾಗಿ ತಾಯಿಮಗ ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ಸಂಕಲ್ಪಹಿಂಸೆಯೆಂದರೆ ಜೀವಹಾನಿಯಾಗದಿದ್ದರೂ ಕೊಲ್ಲುವ ಬಗೆಯಿಂದ ಮಾಡಿದ ಕೃತ್ಯ.

ಆಕರ ಮತ್ತು ಪ್ರಭಾವ

ಕಥೆಗೆ ವಾದಿರಾಜನ ಸಂಸ್ಕೃತ ಕಾವ್ಯವು ಆಕರವಾಗಿದೆ; ಸೋಮದೇವಸೂರಿಯ ‘ಯಶಸ್ತಿಲಕ’ (959) ಇದೇ ವಸ್ತುವಿನ ಇನ್ನೂ ಹಿಂದಿನ ಕೃತಿ. ಜೈನಧರ್ಮದ ಚೌಕಟ್ಟಿನಲ್ಲಿ ಅಮೃತಮತಿ ಪಾಪಿಯೇ ಸರಿ, ಆದರೂ ಆಕೆಯ ವಾದವನ್ನು ಜನ್ನನು ದುರ್ಬಲಗೊಳಿಸಿಲ್ಲ. ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ (1980) ನಾಟಕವು ಇದೇ ಕಥೆಯನ್ನು ಆಧರಿಸಿದೆ.