ವಿದ್ಯಾರ್ಥಿಗಳ ಶೈಕ್ಷಣಿಕ ಸಾಧನೆಯ ಮೇಲೆ ಪ್ರಭಾವ ಬೀರುವ ಅಂಶಗಳು: ಬೆಂಗಳೂರು ಗ್ರಾಮಾಂತರ ಜಿಲ್ಲೆ

ಪೀಠಿಕೆ

ನಿಗದಿತ ಅವಧಿಯ ವ್ಯಾಸಂಗದಿಂದ ವಿದ್ಯಾರ್ಥಿಯು ಗಳಿಸಿಕೊಂಡ ಜ್ಞಾನ, ಕೌಶಲ ಹಾಗೂ ಅವುಗಳನ್ನು ಬಳಸುವ ಸಾಮರ್ಥ್ಯವನ್ನು ಒಟ್ಟಾಗಿ ಶೈಕ್ಷಣಿಕ ಸಾಧನೆ ಎಂದು ಕರೆಯಲಾಗುತ್ತದೆ. ಪ್ರತಿ ವರ್ಷ ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದಾಗ ಜಿಲ್ಲೆಯು ರಾಜ್ಯದಲ್ಲಿ ಪಡೆದ ಸ್ಥಾನದ ಬಗ್ಗೆ ಚರ್ಚೆ ನಡೆಯುವುದು ಸಾಮಾನ್ಯ. ಆದರೆ ಆ ಫಲಿತಾಂಶವನ್ನು ನಿರ್ಧರಿಸುವ ಅಂಶಗಳಲ್ಲಿ ಹೆಚ್ಚಿನವು ಹತ್ತನೇ ತರಗತಿಗಿಂತ ಬಹಳ ಮೊದಲೇ, ಮನೆಯಲ್ಲಿ ಮತ್ತು ಪ್ರಾಥಮಿಕ ಶಾಲೆಯಲ್ಲಿ, ತಮ್ಮ ಪರಿಣಾಮವನ್ನು ಬೀರಿರುತ್ತವೆ. ಆ ಅಂಶಗಳನ್ನು ಜಿಲ್ಲೆಯ ಪರಿಸ್ಥಿತಿಯ ಹಿನ್ನೆಲೆಯಲ್ಲಿ ಇಲ್ಲಿ ವಿವರಿಸಲಾಗಿದೆ.

ಜಿಲ್ಲೆಯ ಹಿನ್ನೆಲೆ

ಬೆಂಗಳೂರು ಗ್ರಾಮಾಂತರ ಜಿಲ್ಲೆಯು 1986ರ ಆಗಸ್ಟ್ 15ರಂದು ಅಸ್ತಿತ್ವಕ್ಕೆ ಬಂದಿತು. 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳು ಹೊಸ ರಾಮನಗರ ಜಿಲ್ಲೆಗೆ ಸೇರಿದ ನಂತರ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳು ಈ ಜಿಲ್ಲೆಯಲ್ಲಿ ಉಳಿದವು. ಜಿಲ್ಲೆಗೆ ಬೆಂಗಳೂರು ಉತ್ತರ ಜಿಲ್ಲೆ ಎಂದು ಹೆಸರಿಡಲು ರಾಜ್ಯ ಸಚಿವ ಸಂಪುಟವು 2025ರ ಜುಲೈ ತಿಂಗಳಲ್ಲಿ ತೀರ್ಮಾನಿಸಿತು. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಜನಸಂಖ್ಯೆ 9,90,923 ಹಾಗೂ ಸಾಕ್ಷರತಾ ಪ್ರಮಾಣ ಶೇ. 77.93.

ರಾಗಿ, ರೇಷ್ಮೆ, ದ್ರಾಕ್ಷಿ, ಹೂವು ಮತ್ತು ತರಕಾರಿ ಬೆಳೆಗಳು, ಹೈನುಗಾರಿಕೆ ಹಾಗೂ ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳು ಇಲ್ಲಿನ ಕುಟುಂಬಗಳ ಪಾರಂಪರಿಕ ಜೀವನಾಧಾರಗಳು. 2008ರ ಮೇ 24ರಂದು ದೇವನಹಳ್ಳಿಯ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿದ ನಂತರ ಭೂಮಿಯ ಬೆಲೆ, ಉದ್ಯೋಗದ ಸ್ವರೂಪ ಮತ್ತು ವಲಸೆಯ ಪ್ರಮಾಣ ವೇಗವಾಗಿ ಬದಲಾದವು. ಹೀಗಾಗಿ ಒಂದೇ ತರಗತಿಯಲ್ಲಿ ರೈತರ ಮಕ್ಕಳು, ನೇಕಾರರ ಮಕ್ಕಳು, ಕಾರ್ಖಾನೆ ನೌಕರರ ಮಕ್ಕಳು ಮತ್ತು ಹೊರ ಜಿಲ್ಲೆ ಹಾಗೂ ಹೊರ ರಾಜ್ಯಗಳಿಂದ ಬಂದ ಕಾರ್ಮಿಕರ ಮಕ್ಕಳು ಒಟ್ಟಿಗೆ ಕುಳಿತಿರುವುದನ್ನು ಇಲ್ಲಿ ಕಾಣಬಹುದು.

ಫಲಿತಾಂಶ ಮತ್ತು ಕಲಿಕೆ

ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಜಿಲ್ಲೆಯು 2019ರಲ್ಲಿ ಮೂರನೆಯ, 2020ರಲ್ಲಿ ಎರಡನೆಯ ಹಾಗೂ 2023ರಲ್ಲಿ ಶೇ. 96.48 ಫಲಿತಾಂಶದೊಂದಿಗೆ ನಾಲ್ಕನೆಯ ಸ್ಥಾನ ಪಡೆದಿತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳ ಮೇಲೆ ವೆಬ್‌ಕಾಸ್ಟಿಂಗ್ ಮೂಲಕ ನಿಗಾ ವಹಿಸಲಾಯಿತು. ಕೃಪಾಂಕದ ಪ್ರಮಾಣವನ್ನು ಶೇ. 10ರಿಂದ 20ಕ್ಕೆ ಹೆಚ್ಚಿಸಿದ ಮೇಲೂ ರಾಜ್ಯದ ಫಲಿತಾಂಶವು ಹಿಂದಿನ ವರ್ಷದ ಶೇ. 83.89ರಿಂದ ಶೇ. 73.40ಕ್ಕೆ ಇಳಿಯಿತು. ಜಿಲ್ಲೆಯ ಫಲಿತಾಂಶವೂ ಶೇ. 90ಕ್ಕಿಂತ ಕೆಳಗೆ ಬಂದಿತು.

ಒಂದೇ ವರ್ಷದ ಅಂತರದಲ್ಲಿ ಮಕ್ಕಳ ಬುದ್ಧಿಶಕ್ತಿಯಾಗಲಿ, ಶಿಕ್ಷಕರ ಬೋಧನೆಯಾಗಲಿ ಇಷ್ಟರ ಮಟ್ಟಿಗೆ ಬದಲಾಗುವುದಿಲ್ಲ. ಬದಲಾದದ್ದು ಅಳತೆಯ ಕ್ರಮ. ಉತ್ತೀರ್ಣತೆಗೆ ಬೇಕಾದ ಅಂಕಗಳನ್ನು 2025-26ನೇ ಸಾಲಿನಿಂದ ಶೇ. 35ರಿಂದ 33ಕ್ಕೆ ಇಳಿಸಿರುವುದರಿಂದ ಮುಂದಿನ ವರ್ಷಗಳ ಪ್ರಮಾಣವನ್ನು ಹಿಂದಿನ ವರ್ಷಗಳೊಂದಿಗೆ ನೇರವಾಗಿ ಹೋಲಿಸುವುದು ಸಾಧ್ಯವಾಗದು. ಆದ್ದರಿಂದ ಉತ್ತೀರ್ಣತೆಯ ಪ್ರಮಾಣವನ್ನು ಕಲಿಕೆಯ ಒಂದು ಸೂಚನೆಯೆಂದು ಮಾತ್ರ ಪರಿಗಣಿಸಿ, ಮಗುವಿಗೆ ಓದು, ಬರಹ ಮತ್ತು ಲೆಕ್ಕ ಎಷ್ಟರ ಮಟ್ಟಿಗೆ ಬಂದಿದೆ ಎಂಬುದನ್ನು ಪ್ರತ್ಯೇಕವಾಗಿ ನೋಡಬೇಕಾಗುತ್ತದೆ.

ಪ್ರಭಾವ ಬೀರುವ ಪ್ರಮುಖ ಅಂಶಗಳು

1. ಕುಟುಂಬದ ಹಿನ್ನೆಲೆ ಮತ್ತು ಮನೆಯ ಕೆಲಸ

1966ರಲ್ಲಿ ಅಮೆರಿಕದಲ್ಲಿ ಜೇಮ್ಸ್ ಕೋಲ್ಮನ್ ಮತ್ತು ಸಂಗಡಿಗರು ಸಲ್ಲಿಸಿದ ವರದಿಯು, ವಿದ್ಯಾರ್ಥಿಗಳ ಸಾಧನೆಯಲ್ಲಿನ ವ್ಯತ್ಯಾಸಕ್ಕೆ ಶಾಲೆಯ ಸೌಲಭ್ಯಗಳಿಗಿಂತ ಕುಟುಂಬದ ಹಿನ್ನೆಲೆಯೇ ಹೆಚ್ಚು ಕಾರಣವೆಂದು ತಿಳಿಸಿತು. 1983ರಲ್ಲಿ ಸ್ಟೀಫನ್ ಹೇನ್‌ಮನ್ ಮತ್ತು ವಿಲಿಯಂ ಲಾಕ್ಸ್‌ಲಿ 29 ದೇಶಗಳ ಅಂಕಿಅಂಶಗಳನ್ನು ಪರಿಶೀಲಿಸಿ, ಬಡ ರಾಷ್ಟ್ರಗಳಲ್ಲಿ ಶಾಲೆ ಮತ್ತು ಶಿಕ್ಷಕರ ಗುಣಮಟ್ಟದ ಪ್ರಭಾವವೇ ಹೆಚ್ಚು ಎಂದು ಕಂಡುಕೊಂಡರು. ಮನೆಯಲ್ಲಿ ಓದಿನ ವಾತಾವರಣ ಇಲ್ಲದ ಮಗುವಿಗೆ ಉತ್ತಮ ಶಾಲೆಯೊಂದೇ ಆಧಾರ ಎಂಬುದು ಇದರ ತಾತ್ಪರ್ಯ. ತಂದೆತಾಯಿ ಶಾಲೆಯ ಮೆಟ್ಟಿಲು ಹತ್ತದ ಮನೆಗಳಲ್ಲಿ ಮಗುವಿಗೆ ಮನೆಪಾಠ ಹೇಳಿಕೊಡುವವರು ಇರುವುದಿಲ್ಲ. ಅಲ್ಲಿ ಶಾಲೆಯ ಹೊಣೆ ಇಮ್ಮಡಿಯಾಗುತ್ತದೆ.

ಕುಟುಂಬದ ಕಸುಬು ಮಗುವಿನ ಓದಿನ ಸಮಯವನ್ನು ನಿರ್ಧರಿಸುತ್ತದೆ. ರೇಷ್ಮೆ ಸಾಕುವ ಮನೆಗಳಲ್ಲಿ ಕೊನೆಯ ಹಂತದ ಹುಳುಗಳಿಗೆ ಹಗಲಿರುಳೂ ಹಿಪ್ಪುನೇರಳೆ ಸೊಪ್ಪು ಹಾಕಬೇಕು. ಹುಳು ಹಣ್ಣಾದ ದಿನ ಅವುಗಳನ್ನು ಆರಿಸಿ ಚಂದ್ರಿಕೆಗೆ ಬಿಡಲು ಮನೆಮಂದಿಯೆಲ್ಲ ಬೇಕಾಗುತ್ತದೆ. ಒಂದು ದಿನ ತಡವಾದರೂ ಬೆಳೆ ಕೆಡುವುದರಿಂದ ಮಗುವನ್ನು ಶಾಲೆ ಬಿಡಿಸುವುದು ಪೋಷಕರಿಗೆ ಅನಿವಾರ್ಯವೆನಿಸುತ್ತದೆ. ವರ್ಷದಲ್ಲಿ ಹಲವು ಬೆಳೆ ತೆಗೆಯುವ ಮನೆಯಲ್ಲಿ ಇಂತಹ ದಿನಗಳು ಮತ್ತೆ ಮತ್ತೆ ಬರುತ್ತವೆ. ದೊಡ್ಡಬಳ್ಳಾಪುರದ ನೇಕಾರರ ಮನೆಗಳಲ್ಲಿ ಮಗ್ಗ ಮತ್ತು ವಾಸ ಒಂದೇ ಸೂರಿನಡಿ ಇರುವುದುಂಟು. ಮಗ್ಗದ ಸದ್ದಿನ ನಡುವೆ ಗಟ್ಟಿಯಾಗಿ ಓದಿದರೂ ಮಗುವಿಗೆ ತನ್ನ ಧ್ವನಿಯೇ ಕೇಳಿಸದು. ಕಂಡಿಕೆ ಸುತ್ತುವ ಕೆಲಸ ಸಹಜವಾಗಿಯೇ ಮಕ್ಕಳ ಪಾಲಿಗೆ ಬರುತ್ತದೆ.

ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನ ಮಕ್ಕಳನ್ನು ಯಾವುದೇ ಉದ್ಯೋಗದಲ್ಲಿ ತೊಡಗಿಸುವಂತಿಲ್ಲ. ಅಪಾಯಕಾರಿಯಲ್ಲದ ಕುಟುಂಬದ ಕಸುಬಿನಲ್ಲಿ ಶಾಲಾ ಅವಧಿಯ ನಂತರ ಅಥವಾ ರಜಾ ದಿನಗಳಲ್ಲಿ ನೆರವಾಗಲು ಮಾತ್ರ ಅವಕಾಶವಿದೆ. ಮನೆಯ ಕೆಲಸಕ್ಕಾಗಿ ಶಾಲೆ ಬಿಡಿಸುವುದು ಈ ಅವಕಾಶದೊಳಗೆ ಬರುವುದಿಲ್ಲ ಎಂಬುದನ್ನು ಗಮನಿಸಬೇಕು.

2. ಹಾಜರಾತಿ ಮತ್ತು ಕಲಿಕೆಯ ಬಾಕಿ

ಗೈರುಹಾಜರಾದ ಮಗು ಕಳೆದುಕೊಳ್ಳುವುದು ಆ ದಿನದ ಪಾಠವನ್ನಷ್ಟೇ ಅಲ್ಲ. ಗಣಿತದಲ್ಲಿ ಕಳೆಯುವುದು ಬಾರದಿದ್ದರೆ ಭಾಗಾಕಾರ ಬರುವುದಿಲ್ಲ. ಭಾಗಾಕಾರ ಬಾರದಿದ್ದರೆ ಭಿನ್ನರಾಶಿ, ಭಿನ್ನರಾಶಿ ಬಾರದಿದ್ದರೆ ಬೀಜಗಣಿತ ಅರ್ಥವಾಗುವುದಿಲ್ಲ. ತೀರಿಸದ ಬಾಕಿಯು ವರ್ಷದಿಂದ ವರ್ಷಕ್ಕೆ ಮುಂದೆ ಹೋಗುವಂತೆ ಮೂರನೇ ತರಗತಿಯ ಕೊರತೆಯು ಹತ್ತನೇ ತರಗತಿಯವರೆಗೂ ಸಾಗಿ ಬರುತ್ತದೆ. ಹತ್ತನೇ ತರಗತಿಯ ವಿಶೇಷ ತರಗತಿಗಳು ಮತ್ತು ಸರಣಿ ಪರೀಕ್ಷೆಗಳು ಉತ್ತೀರ್ಣತೆಗೆ ಬೇಕಾದ ಅಂಕ ತಂದುಕೊಟ್ಟರೂ ಹಳೆಯ ಬಾಕಿಯನ್ನು ಪೂರ್ಣವಾಗಿ ತೀರಿಸಲಾರವು.

ಕೋವಿಡ್ ಅವಧಿಯು ಇದಕ್ಕೆ ದೊಡ್ಡ ನಿದರ್ಶನ. 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಗಳಲ್ಲಿ 1ರಿಂದ 5ನೇ ತರಗತಿಗಳು ಪುನರಾರಂಭವಾದದ್ದು 2021ರ ಅಕ್ಟೋಬರ್ 25ರಂದು. ಈ ನಡುವೆ ವಿದ್ಯಾಗಮ ಕಾರ್ಯಕ್ರಮದ ಮೂಲಕ ಶಿಕ್ಷಕರು ಮಕ್ಕಳಿದ್ದಲ್ಲಿಗೇ ತೆರಳಿ ಕಲಿಸಿದರು. 2022-23ನೇ ಸಾಲನ್ನು ಕಲಿಕಾ ಚೇತರಿಕೆ ವರ್ಷವೆಂದು ಆಚರಿಸಲಾಯಿತು. 2020-21ರಲ್ಲಿ ಮೂರನೇ ತರಗತಿಯಲ್ಲಿದ್ದ ಮಕ್ಕಳು ಎಸ್.ಎಸ್.ಎಲ್.ಸಿ. ಪರೀಕ್ಷೆ ಬರೆಯುವುದು 2028ರಲ್ಲಿ. ಆ ವರ್ಷದ ಫಲಿತಾಂಶಕ್ಕೆ ಸಿದ್ಧತೆ 2028ರಲ್ಲಿ ಆರಂಭವಾದರೆ ತಡವಾಗುತ್ತದೆ.

3. ಭಾಷೆ

ಹೊಸಕೋಟೆ ಮತ್ತು ದೇವನಹಳ್ಳಿ ಭಾಗದ ಹಲವು ಮನೆಗಳಲ್ಲಿ ತೆಲುಗು ಮಾತನಾಡಲಾಗುತ್ತದೆ. ಪಟ್ಟಣಗಳಲ್ಲಿ ಉರ್ದು ಮಾತನಾಡುವ ಕುಟುಂಬಗಳು ಗಣನೀಯ ಸಂಖ್ಯೆಯಲ್ಲಿವೆ. ಇಟ್ಟಿಗೆ ಗೂಡು, ಕಟ್ಟಡ ಕಾಮಗಾರಿ ಮತ್ತು ಕೈಗಾರಿಕಾ ಪ್ರದೇಶಗಳಿಗೆ ಬಂದವರ ಮಕ್ಕಳಲ್ಲಿ ಹಿಂದಿ, ಒಡಿಯಾ ಮುಂತಾದ ಭಾಷೆಗಳೂ ಕೇಳಿಬರುತ್ತವೆ. ಉತ್ತರ ಕರ್ನಾಟಕದಿಂದ ಬಂದ ಮಗುವಿಗೆ ಕನ್ನಡವೇ ಮನೆಮಾತಾದರೂ ಇಲ್ಲಿನ ಆಡುಮಾತು ಮೊದಮೊದಲು ಹೊಸದೆನಿಸುತ್ತದೆ. ಶಿಕ್ಷಕರ ಮಾತು ಅರ್ಥವಾಗದೆ ಸುಮ್ಮನೆ ಕುಳಿತ ಮಗುವನ್ನು ದಡ್ಡನೆಂದು ಭಾವಿಸುವ ಅಪಾಯವಿದೆ.

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕು ಕಾಯ್ದೆ, 2009ರ ಪ್ರಕಾರ ಬೋಧನೆಯು ಸಾಧ್ಯವಾದಷ್ಟೂ ಮಗುವಿನ ಮಾತೃಭಾಷೆಯಲ್ಲಿ ಇರಬೇಕು. ಇನ್ನೊಂದೆಡೆ, ಇಂಗ್ಲಿಷ್ ಕಲಿತರೆ ಉದ್ಯೋಗ ದೊರೆಯುತ್ತದೆಂಬ ಪೋಷಕರ ನಿರೀಕ್ಷೆ ಈ ಜಿಲ್ಲೆಯಲ್ಲಿ ಪ್ರಬಲವಾಗಿದೆ. ರಾಜ್ಯದ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲಾಗುತ್ತಿದೆ. 2019-20ರಲ್ಲಿ 1,000 ಸರ್ಕಾರಿ ಶಾಲೆಗಳಲ್ಲಿ ಆಂಗ್ಲ ಮಾಧ್ಯಮ ವಿಭಾಗಗಳನ್ನು ಆರಂಭಿಸಲಾಯಿತು. ಮಾಧ್ಯಮ ಯಾವುದೇ ಇರಲಿ, ಮಗು ಒಂದು ಭಾಷೆಯಲ್ಲಾದರೂ ತಡವರಿಸದೆ ಓದಿ ಅರ್ಥಮಾಡಿಕೊಳ್ಳುವಂತಾಗುವುದು ಉಳಿದ ಎಲ್ಲ ವಿಷಯಗಳ ಕಲಿಕೆಗೆ ತಳಹದಿ.

4. ವಲಸೆ

ಕುಟುಂಬವು ಕೆಲಸ ಹುಡುಕಿಕೊಂಡು ಊರು ಬದಲಿಸಿದಾಗ ಮಗುವಿನ ಹೆಸರು ಒಂದು ಶಾಲೆಯಲ್ಲಿ, ಮಗು ಇನ್ನೊಂದು ಊರಿನಲ್ಲಿ ಇರುವ ಪರಿಸ್ಥಿತಿ ಉಂಟಾಗುತ್ತದೆ. ದಾಖಲೆಗಳಿಲ್ಲವೆಂಬ ಕಾರಣಕ್ಕೆ ಪೋಷಕರು ಶಾಲೆಯ ಬಳಿ ಸುಳಿಯಲು ಹಿಂಜರಿಯುತ್ತಾರೆ. ಕಾಯ್ದೆಯ ಪ್ರಕಾರ ವರ್ಗಾವಣೆ ಪ್ರಮಾಣಪತ್ರ ಬರುವುದು ತಡವಾದರೂ, ವಯಸ್ಸಿನ ದಾಖಲೆ ಇಲ್ಲದಿದ್ದರೂ ಪ್ರವೇಶ ನಿರಾಕರಿಸುವಂತಿಲ್ಲ. ಶಾಲೆ ಬಿಟ್ಟಿದ್ದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ನೀಡಬೇಕು.

5. ಆಹಾರ ಮತ್ತು ಆರೋಗ್ಯ

ಹಸಿದ ಮಗು ಪಾಠ ಕೇಳಲಾರದು. ಸರ್ವೋಚ್ಚ ನ್ಯಾಯಾಲಯದ 2001ರ ನವೆಂಬರ್ 28ರ ಆದೇಶದ ನಂತರ ರಾಜ್ಯದಲ್ಲಿ ಅಕ್ಷರ ದಾಸೋಹ ಯೋಜನೆಯನ್ನು 2002ರ ಜೂನ್‌ನಲ್ಲಿ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಆರಂಭಿಸಿ, 2003-04ರಲ್ಲಿ ಉಳಿದ ಜಿಲ್ಲೆಗಳಿಗೆ ವಿಸ್ತರಿಸಲಾಯಿತು. 2007-08ರಿಂದ ಪ್ರೌಢಶಾಲೆಗಳೂ ಇದರ ವ್ಯಾಪ್ತಿಗೆ ಬಂದವು. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಯೋಜನೆ ಜಾರಿಗೆ ಬಂದಿತು. ಬೆಳಗಿನ ಉಪಾಹಾರವಿಲ್ಲದೆ ಬರುವ ಮಕ್ಕಳಿಗೆ ಶಾಲೆಯ ಹಾಲು ದಿನದ ಮೊದಲ ಆಹಾರವಾಗಿರುತ್ತದೆ. ರಕ್ತಹೀನತೆ, ದೃಷ್ಟಿದೋಷ ಮತ್ತು ಕಿವಿಯ ತೊಂದರೆಗಳು ಕಲಿಕೆಯ ದೋಷದಂತೆ ಕಾಣಬಹುದು. ಕಪ್ಪುಹಲಗೆ ಕಾಣದ ಮಗುವಿಗೆ ಬೇಕಾದದ್ದು ಕನ್ನಡಕವೇ ಹೊರತು ಬೈಗುಳವಲ್ಲ.

6. ಶಿಕ್ಷಕರು ಮತ್ತು ಬೋಧನೆ

ಕಾಯ್ದೆಯು ಕಿರಿಯ ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೆ ಹಾಗೂ ಹಿರಿಯ ಪ್ರಾಥಮಿಕ ಹಂತದಲ್ಲಿ 35 ಮಕ್ಕಳಿಗೆ ಒಬ್ಬ ಶಿಕ್ಷಕರನ್ನು ನಿಗದಿಪಡಿಸಿದೆ. ಆದರೆ ಮಕ್ಕಳ ಸಂಖ್ಯೆ ಕಡಿಮೆಯಿರುವ ಹಳ್ಳಿಯ ಶಾಲೆಯಲ್ಲಿ ಅನುಪಾತ ಸರಿಯಾಗಿದ್ದರೂ ಒಬ್ಬಿಬ್ಬರು ಶಿಕ್ಷಕರೇ ಐದು ತರಗತಿಗಳನ್ನು ನೋಡಿಕೊಳ್ಳಬೇಕಾಗುತ್ತದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ರೂಪುಗೊಂಡ ನಲಿಕಲಿ ಪದ್ಧತಿಯು ಇಂತಹ ಬಹುವರ್ಗ ಬೋಧನೆಗೆ ಹೊಂದುವಂಥದ್ದು. ಇದರಲ್ಲಿ ಪ್ರತಿ ಮಗುವೂ ತನ್ನ ವೇಗಕ್ಕೆ ತಕ್ಕಂತೆ ಕಲಿಕೆಯ ಮೆಟ್ಟಿಲುಗಳನ್ನು ಏರುತ್ತದೆ. ಗೈರುಹಾಜರಾದ ಮಗು ಹಿಂದಿರುಗಿದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. 2009-10ರಲ್ಲಿ ಇದನ್ನು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆ ವಿಸ್ತರಿಸಲಾಯಿತು. ಪ್ರೌಢಶಾಲೆಗಳಲ್ಲಿ ಗಣಿತ, ವಿಜ್ಞಾನ ಅಥವಾ ಇಂಗ್ಲಿಷ್ ಶಿಕ್ಷಕರ ಹುದ್ದೆ ವರ್ಷದ ನಡುವೆ ತೆರವಾದರೆ ಅದರ ಪರಿಣಾಮ ನೇರವಾಗಿ ಫಲಿತಾಂಶದಲ್ಲಿ ಕಾಣುತ್ತದೆ.

7. ದೂರ, ಸಾರಿಗೆ ಮತ್ತು ಲಿಂಗಭೇದ

ಪ್ರಾಥಮಿಕ ಶಾಲೆ ಊರಿನಲ್ಲಿಯೇ ಇದ್ದರೂ ಪ್ರೌಢಶಾಲೆಗೆ ಬೇರೆ ಊರಿಗೆ ಹೋಗಬೇಕಾಗುವುದು ಸಾಮಾನ್ಯ. 2006-07ರಲ್ಲಿ ಆರಂಭವಾದ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡುವ ಯೋಜನೆಯಿಂದ, ವಿಶೇಷವಾಗಿ ಹೆಣ್ಣುಮಕ್ಕಳಿಗೆ, ಅನುಕೂಲವಾಗಿತ್ತು. ಕೋವಿಡ್ ಅವಧಿಯಲ್ಲಿ ಸೈಕಲ್ ವಿತರಣೆ ಸ್ಥಗಿತಗೊಂಡಿತು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳು ಸರ್ಕಾರಿ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದಾಗಿದೆ. ಆದರೆ ಬಸ್ಸಿನ ವೇಳೆ ಶಾಲೆಯ ವೇಳೆಗೆ ಹೊಂದದಿದ್ದರೆ ಈ ಸೌಲಭ್ಯದ ಪೂರ್ಣ ಪ್ರಯೋಜನ ದೊರೆಯದು.

ಅವಕಾಶ ದೊರೆತಾಗ ಹೆಣ್ಣುಮಕ್ಕಳ ಸಾಧನೆ ಉತ್ತಮವಾಗಿರುವುದು ಕಂಡುಬಂದಿದೆ. 2024ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ರಾಜ್ಯದ ಬಾಲಕಿಯರಲ್ಲಿ ಶೇ. 81.11 ಹಾಗೂ ಬಾಲಕರಲ್ಲಿ ಶೇ. 65.90ರಷ್ಟು ಉತ್ತೀರ್ಣರಾದರು. ಕೈಗಾರಿಕಾ ಪ್ರದೇಶಗಳ ಸಮೀಪದ ಊರುಗಳಲ್ಲಿ ದಿನಗೂಲಿಯ ಆಕರ್ಷಣೆಯಿಂದ ಗಂಡುಮಕ್ಕಳು ಓದಿನಲ್ಲಿ ಆಸಕ್ತಿ ಕಳೆದುಕೊಳ್ಳದಂತೆ ಪೋಷಕರು ಮತ್ತು ಶಿಕ್ಷಕರು ಎಚ್ಚರ ವಹಿಸಬೇಕು.

ಪೋಷಕರು ಮತ್ತು ಸಾರ್ವಜನಿಕರು ಗಮನಿಸಬೇಕಾದ ವಿಷಯಗಳು

• ಓದುಬರಹ ಬಾರದ ಪೋಷಕರೂ ಮಗುವಿನಿಂದ ಪ್ರತಿದಿನ ಒಂದು ಪುಟ ಗಟ್ಟಿಯಾಗಿ ಓದಿಸಿ ಕೇಳಬಹುದು. ಮಗು ಎಲ್ಲಿ ತಡವರಿಸುತ್ತದೆ ಎಂಬುದು ಕೇಳುವವರಿಗೆ ತಿಳಿಯುತ್ತದೆ.
• ರೇಷ್ಮೆ ಬೆಳೆ, ಸುಗ್ಗಿ ಅಥವಾ ಜಾತ್ರೆಯ ಕಾರಣ ಶಾಲೆ ತಪ್ಪಿದಲ್ಲಿ ಶಿಕ್ಷಕರಿಗೆ ತಿಳಿಸಿ, ತಪ್ಪಿದ ಪಾಠವನ್ನು ಕೇಳಿ ಪಡೆಯಬೇಕು.
• ಮನೆಯಲ್ಲಿ ಸಂಜೆ ಒಂದು ಗಂಟೆಯಾದರೂ ದೂರದರ್ಶನ, ಮೊಬೈಲ್ ಮತ್ತು ಕೆಲಸದಿಂದ ಮಗುವಿಗೆ ಬಿಡುವು ನೀಡಬೇಕು.
• 2001ರಿಂದ ರಾಜ್ಯದಲ್ಲಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಗಳಲ್ಲಿ ಕಟ್ಟಡ, ಕಾಂಪೌಂಡುಗಳ ಜೊತೆಗೆ ಎಷ್ಟು ಮಕ್ಕಳಿಗೆ ಓದಲು ಬರುತ್ತದೆ ಎಂಬುದನ್ನೂ ಚರ್ಚಿಸಬೇಕು.
• ಶಾಲೆಯಿಂದ ಹೊರಗುಳಿದ ಮಗು ಕಂಡುಬಂದಲ್ಲಿ ಸಮೀಪದ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರಿಗೆ ಅಥವಾ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ತಿಳಿಸಬೇಕು.

ಉಪಸಂಹಾರ

ಮೇಲಿನ ಅಂಶಗಳಲ್ಲಿ ಯಾವುದೂ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಬಡತನದಿಂದ ಗೈರುಹಾಜರಿ, ಗೈರುಹಾಜರಿಯಿಂದ ಕಲಿಕೆಯ ಬಾಕಿ, ಬಾಕಿಯಿಂದ ಹಿಂಜರಿಕೆ, ಹಿಂಜರಿಕೆಯಿಂದ ಮತ್ತೆ ಗೈರುಹಾಜರಿ ಹುಟ್ಟುತ್ತವೆ. ಈ ಸರಪಳಿಯನ್ನು ಹತ್ತನೇ ತರಗತಿಯಲ್ಲಿ ಮುರಿಯುವುದು ಕಷ್ಟ. ಎರಡನೇ ಅಥವಾ ಮೂರನೇ ತರಗತಿಯಲ್ಲಿ ಮುರಿಯುವುದು ಸುಲಭ. ಜಿಲ್ಲೆಯ ಸ್ಥಾನ ಒಂದು ವರ್ಷ ಮೇಲೇರಬಹುದು, ಮತ್ತೊಂದು ವರ್ಷ ಕೆಳಗಿಳಿಯಬಹುದು. ಓದಲು, ಬರೆಯಲು ಮತ್ತು ಲೆಕ್ಕ ಮಾಡಲು ಚೆನ್ನಾಗಿ ಕಲಿತ ಮಗುವಿಗೆ ಆ ಕಲಿಕೆ ಜೀವನವಿಡೀ ಉಳಿಯುತ್ತದೆ. ಆದ್ದರಿಂದ ಪ್ರಾಥಮಿಕ ಹಂತದಲ್ಲಿಯೇ ಪ್ರತಿ ಮಗುವಿನ ಕಲಿಕೆಯ ಬಾಕಿಯನ್ನು ಗುರುತಿಸಿ ಆಯಾ ವರ್ಷವೇ ತೀರಿಸುವುದು ಶಿಕ್ಷಕರು, ಪೋಷಕರು ಮತ್ತು ಸಮುದಾಯದ ಜಂಟಿ ಹೊಣೆಯಾಗಿದೆ.